ಸುಂಕದ ಮನೆಯ ಬಿಸ್ಕತ್ತು

ಊಟಕ್ಕೆ ಕುಳಿತಾಗ ಹೊಗಳುವ ಕಲೆಯಲ್ಲಿ ನಾವು ಗಂಡಸರು ತೀರ ಬಡವರು. ಸಾರು ರುಚಿಯಾಗಿದ್ದರೆ "ಕೈಗುಣ" ಎನ್ನುತ್ತೇವೆ. ಮೈಸೂರುಪಾಕು ಹದವಾಗಿ ಬಂದಿದ್ದರೆ "ಈ ಸಲ ಅದೃಷ್ಟ ಒಲಿಯಿತು" ಎನ್ನುತ್ತೇವೆ. ಎರಡೂ ಮೆಚ್ಚುಗೆಯ ಮಾತುಗಳೇ ಹೌದು. ಆದರೆ ತುಸು ನಿಧಾನವಾಗಿ ಯೋಚಿಸಿದರೆ, ಮಾಡಿದವರ ಬುದ್ಧಿಗೆ ಇವೆರಡರಲ್ಲಿಯೂ ಕಾಸಿನ ಪಾಲೂ ಸಲ್ಲುವುದಿಲ್ಲ. ಕೈಗುಣವೆಂಬುದು ಹುಟ್ಟಿನಿಂದ ಬಂದದ್ದು. ಅದೃಷ್ಟವೆಂಬುದು ಗ್ರಹಗಳ ಕೃಪೆ. ವೈದ್ಯರಿಗೂ ಕೈಗುಣವುಂಟೆಂದು ಹೇಳುವ ವಾಡಿಕೆ ನಮ್ಮಲ್ಲಿದೆ, ನಿಜ. ಆದರೆ ಅವರ ಬಾಗಿಲಿನ ಫಲಕದಲ್ಲಿ ಪದವಿಗಳ ಸಾಲು ಮೊದಲೇ ಬರೆದಿರುತ್ತದೆ. ಅಡುಗೆಮನೆಯ ಬಾಗಿಲಿಗೆ ಅಂಥ ಫಲಕವಿಲ್ಲ.

ಈ ವಿಚಾರ ಈ ವಾರ ಮನಸ್ಸಿನಲ್ಲಿ ಸುಳಿದದ್ದು ಒಂದು ಬಿಸ್ಕತ್ತಿನ ನೆಪದಿಂದ. ಮೈದಾಹಿಟ್ಟು, ಬೆಣ್ಣೆ, ಸಕ್ಕರೆಗಳ ನಡುವೆ ಚಾಕೊಲೇಟಿನ ಚೂರುಗಳನ್ನು ಹುದುಗಿಸಿ, ಜೊತೆಗೆ ಓಟ್ಸನ್ನೂ ಬೆರೆಸಿ ಮನೆಯಲ್ಲೇ ಬೇಯಿಸುವ ಬಿಸ್ಕತ್ತು ಅದು. ಇಂದು ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ, ಮಿಕ್ಸಿಯ ಪಕ್ಕದಲ್ಲಿ ಪುಟ್ಟದೊಂದು ವಿದ್ಯುತ್ ಓವನ್ ಬಂದು ನೆಲೆಸಿದೆ. ಭಾನುವಾರದ ಮಧ್ಯಾಹ್ನ ಅದರೊಳಗಿಂದ ಬೆಣ್ಣೆಯೂ ಬೆಲ್ಲವೂ ಕೂಡಿ ಕಂದುವ ಪರಿಮಳ ಹೊರಟಿತೆಂದರೆ, ಪಕ್ಕದ ಮನೆಯ ಮಕ್ಕಳನ್ನು ಬೇರೆ ಕರೆಯಬೇಕಾಗಿಲ್ಲ.

ಮಕ್ಕಳು ಇದನ್ನು ಕುಕಿ ಎನ್ನುತ್ತಾರೆ. ಹಿರಿಯರು ಬಿಸ್ಕತ್ತು ಎನ್ನುತ್ತಾರೆ. ಬಿಸ್ಕತ್ತೆಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ. 'ಎರಡು ಸಲ ಬೆಂದದ್ದು' ಎಂದು ಅದರ ಅರ್ಥ. ಕುಕಿ ಎಂಬುದು ಡಚ್ಚರ ಮಾತು. 'ಪುಟ್ಟ ಕೇಕು' ಎಂದು ಅರ್ಥ. ಇಂಗ್ಲಿಷರ ಸಹವಾಸದಿಂದ ಮೊದಲನೆಯದು ನಮಗೆ ಬಂದಿತು. ಅಮೆರಿಕದಲ್ಲಿ ನೆಲೆಸಿದ ಡಚ್ಚರಿಂದ ಎರಡನೆಯದು ಅಮೆರಿಕನ್ನರಿಗೆ ಬಂದಿತು. ನಾವು ಹೇಳುತ್ತಿರುವ ತಿಂಡಿ ಬೇಯುವುದು ಒಂದೇ ಸಲ. ಆದುದರಿಂದ ಶಬ್ದಶಾಸ್ತ್ರ ಈ ವ್ಯಾಜ್ಯದಲ್ಲಿ ಮಕ್ಕಳ ಪಕ್ಷ. ಆದರೂ ರೂಢಿಯೇ ಬಲವಾದದ್ದೆಂದು ವೈಯಾಕರಣರು ಒಪ್ಪಿರುವುದರಿಂದ ನಾನು ಬಿಸ್ಕತ್ತೆಂದೇ ಬರೆಯುತ್ತೇನೆ.

ಈ ಬಿಸ್ಕತ್ತಿನ ತವರು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವಿಟ್‌ಮನ್ ಎಂಬ ಊರು. ಬಾಸ್ಟನ್ ನಗರಕ್ಕೆ ದಕ್ಷಿಣದಲ್ಲಿರುವ ಆ ಊರಿನಲ್ಲಿ, 1930ರಲ್ಲಿ, ರೂತ್ ವೇಕ್‌ಫೀಲ್ಡ್ ಎಂಬಾಕೆಯೂ ಆಕೆಯ ಪತಿ ಕೆನೆತ್ ಎಂಬುವರೂ ಒಂದು ಹಳೆಯ ಮನೆಯನ್ನು ಕೊಂಡು ಭೋಜನಶಾಲೆಯನ್ನು ತೆರೆದರು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲ. ಹೋಟೆಲು ತೆರೆಯುವುದಕ್ಕೆ ಯಾವ ಪಂಚಾಂಗವೂ ಒಪ್ಪುವ ಮುಹೂರ್ತವಲ್ಲ. ಅವರು ಅದಕ್ಕಿಟ್ಟ ಹೆಸರು 'ಟೋಲ್ ಹೌಸ್ ಇನ್'. ನಮ್ಮ ಮಾತಿನಲ್ಲಿ ಹೇಳಿದರೆ ಸುಂಕದ ಮನೆ. ನಮ್ಮ ಬೆಂಗಳೂರಿನಲ್ಲಿ ಸುಂಕದಕಟ್ಟೆ ಇರುವಂತೆ ಅಲ್ಲಿ ಸುಂಕದ ಮನೆ!

ರೂತ್ ಅವರು 1903ರಲ್ಲಿ ಹುಟ್ಟಿದವರು. 1924ರಲ್ಲಿ ಫ್ರೇಮಿಂಗ್‌ಹ್ಯಾಮ್ ಊರಿನ ಶಿಕ್ಷಕರ ಕಾಲೇಜಿನಲ್ಲಿ ಗೃಹವಿಜ್ಞಾನವನ್ನು ಓದಿ ತೇರ್ಗಡೆಯಾದರು. ಆಮೇಲೆ ಪಥ್ಯಾಹಾರದ ತಜ್ಞೆಯಾಗಿ ದುಡಿದರು. ಆಹಾರವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಭೋಜನಶಾಲೆ ತೆರೆದ ಮರುವರ್ಷವೇ, ಅಂದರೆ 1931ರಲ್ಲಿ, ತಮ್ಮ ಪಾಕವಿಧಾನಗಳ ಪುಸ್ತಕವನ್ನು ಅಚ್ಚುಮಾಡಿಸಿದರು. ಆ ಪುಸ್ತಕದ 1938ರ ಆವೃತ್ತಿಯಲ್ಲಿ, ಚಾಕೊಲೇಟು ಚೂರುಗಳ ಈ ಬಿಸ್ಕತ್ತಿನ ವಿಧಾನ 'ಟೋಲ್ ಹೌಸ್ ಚಾಕೊಲೇಟ್ ಕ್ರಂಚ್ ಕುಕಿ' ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು.

ಇಷ್ಟು ಚರಿತ್ರೆ. ಇನ್ನು ಪುರಾಣವನ್ನು ಕೇಳಬೇಕು.

ಲೋಕದಲ್ಲಿ ಹಬ್ಬಿರುವ ಕಥೆ ಹೀಗಿದೆ: ಒಂದು ದಿನ ರೂತ್ ಬಿಸ್ಕತ್ತು ಮಾಡುತ್ತಿದ್ದಾಗ ಬೇಕಾದ ಸಾಮಾನು ಮುಗಿದುಹೋಗಿತ್ತಂತೆ. ಗಾಬರಿಯಲ್ಲಿ ಕೈಗೆ ಸಿಕ್ಕ ಸಿಹಿ ಚಾಕೊಲೇಟಿನ ಹಲಗೆಯನ್ನು ಮುರಿದು ಹಿಟ್ಟಿಗೆ ಹಾಕಿದರಂತೆ. ಅದು ಕರಗಿ ಹಿಟ್ಟಿನಲ್ಲೆಲ್ಲ ಬೆರೆತುಹೋಗುತ್ತದೆಂದು ತಿಳಿದಿದ್ದರಂತೆ. ಕರಗದೆ ಚೂರುಚೂರಾಗಿಯೇ ಉಳಿಯಿತಂತೆ! ಇನ್ನೊಂದು ಕಥೆ ಇದಕ್ಕಿಂತ ಸೊಗಸು: ಹಿಟ್ಟು ಕಲಸುವ ಯಂತ್ರದ ಅದುರಿಗೆ ಮೇಲಿನ ಗೂಡಿನಲ್ಲಿದ್ದ ಚಾಕೊಲೇಟು ತಾನಾಗಿಯೇ ಕೆಳಗುರುಳಿ ಹಿಟ್ಟಿಗೆ ಬಿತ್ತಂತೆ. ಒಂದರಲ್ಲಿ ಆಕೆಯ ಅಜ್ಞಾನಕ್ಕೆ ಕೀರ್ತಿ. ಇನ್ನೊಂದರಲ್ಲಿ ಗೂಡಿನ ಅದುರಿಗೆ ಕೀರ್ತಿ. ಗೃಹವಿಜ್ಞಾನವನ್ನು ಶಾಸ್ತ್ರೀಯವಾಗಿ ಓದಿದ, ಊರೂರಿನ ಜನ ಹುಡುಕಿಕೊಂಡು ಬರುವಂಥ ಭೋಜನಶಾಲೆಯನ್ನು ನಡೆಸುತ್ತಿದ್ದ ಹೆಂಗಸಿಗೆ, ಗಟ್ಟಿ ಹಿಟ್ಟಿನೊಳಗೆ ಹಾಕಿದ ಚಾಕೊಲೇಟು ಹೇಗೆ ವರ್ತಿಸುತ್ತದೆಂಬುದು ತಿಳಿಯದಿತ್ತೆ?

ಸ್ವತಃ ರೂತ್ ಹೇಳಿದ ಸಂಗತಿ ಬಹು ಸರಳವಾದದ್ದು. ಐಸ್‌ಕ್ರೀಮಿನ ಜೊತೆಗೆ ಬೀಜಗಳನ್ನು ಹಾಕಿದ ತೆಳುವಾದ ಬಿಸ್ಕತ್ತೊಂದನ್ನು ಅವರ ಭೋಜನಶಾಲೆಯಲ್ಲಿ ಬಡಿಸುತ್ತಿದ್ದರು. ಗಿರಾಕಿಗಳು ಅದನ್ನು ಮೆಚ್ಚಿಕೊಂಡಿದ್ದರು. ಆದರೂ ಬೇರೇನಾದರೂ ಹೊಸದನ್ನು ಕೊಡಬೇಕೆಂದು ಯೋಚಿಸಿ, ಪ್ರಯೋಗ ಮಾಡಿ ಇದನ್ನು ರೂಪಿಸಿದರು. ಆಕೆಯ ಪಾಕಶಾಲೆಯಲ್ಲಿ ದುಡಿಯುತ್ತಿದ್ದ ಸ್ಯೂ ಬ್ರೈಡ್ಸ್ ಎಂಬುವರ ಹೆಸರೂ ಈ ಪ್ರಯೋಗದ ಜೊತೆಗೆ ಸೇರಿದೆ. ಹೀಗೆ ಯೋಚನೆ, ಪ್ರಯೋಗ, ಫಲ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿದವರು ಪ್ರಯೋಗಶಾಲೆಯಲ್ಲಿದ್ದರೆ ವಿಜ್ಞಾನಿ ಎನ್ನಿಸಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿದ್ದರೆ ಅದೃಷ್ಟವಂತೆ ಎನ್ನಿಸಿಕೊಳ್ಳುತ್ತಾರೆ.

ಮುಂದಿನ ಕಥೆ ವ್ಯಾಪಾರದ್ದು. ಬಿಸ್ಕತ್ತು ಜನಪ್ರಿಯವಾದಂತೆ ನೆಸ್ಲೆ ಕಂಪೆನಿಯ ಸಿಹಿ ಚಾಕೊಲೇಟಿಗೆ ಬೇಡಿಕೆ ಏರಿತು. ಚಾಕೊಲೇಟಿನ ಹಲಗೆಯನ್ನು ಕತ್ತರಿಸುವುದಕ್ಕೆ ಕಂಪೆನಿ ಮೊದಲು ಒಂದು ಪುಟ್ಟ ಆಯುಧವನ್ನೇ ಜೊತೆಗೆ ಕೊಟ್ಟಿತು. 1939ರಲ್ಲಿ ಸಿದ್ಧ ಚೂರುಗಳನ್ನೇ ಮಾರತೊಡಗಿತು. ಅದೇ ವರ್ಷ ವಿಧಾನವನ್ನೂ ಟೋಲ್ ಹೌಸ್ ಎಂಬ ಹೆಸರನ್ನೂ ಬಳಸಿಕೊಳ್ಳುವ ಹಕ್ಕು ಕಂಪೆನಿಗೆ ಸೇರಿತು. ಅದಕ್ಕೆ ನಿಗದಿಯಾದ ಬೆಲೆ ಒಂದು ಡಾಲರ್ ಎಂಬುದು ಪ್ರಸಿದ್ಧವಾದ ಮಾತು. ಬದುಕಿರುವ ತನಕ ಚಾಕೊಲೇಟು ಉಚಿತವಾಗಿ ದೊರೆಯಿತೆಂದೂ ಸಲಹೆಗಾರಳೆಂದು ಸಂಬಳ ಸಂದಿತೆಂದೂ ಹೇಳುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ನಮ್ಮ ಗಾದೆ. ಇಲ್ಲಿ ಸುಂಕದ ಮನೆಯ ಒಡತಿಗೇ ಸಂದ ಸುಂಕ ಇಷ್ಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಸಂಸ್ಥಾನದ ತಾಯಂದಿರು ಸಮುದ್ರದಾಚೆ ಹೋರಾಡುತ್ತಿದ್ದ ಮಕ್ಕಳಿಗೆ ಈ ಬಿಸ್ಕತ್ತುಗಳನ್ನು ಕಟ್ಟಿ ಕಳುಹಿಸಿದರು. ಪೊಟ್ಟಣವನ್ನು ಬಿಚ್ಚಿದವನು ಪಕ್ಕದ ಸಿಪಾಯಿಗೂ ಹಂಚಿದ. ಅವನು ತನ್ನ ಊರಿಗೆ ಪತ್ರ ಬರೆದು ತನಗೂ ಬೇಕೆಂದ. ಯುದ್ಧ ಮುಗಿಯುವ ಹೊತ್ತಿಗೆ ಒಂದು ಊರಿನ ತಿಂಡಿ ಒಂದು ದೇಶದ ತಿಂಡಿಯಾಗಿತ್ತು. 1997ರಲ್ಲಿ ಮ್ಯಾಸಚೂಸೆಟ್ಸ್ ಇದನ್ನು ತನ್ನ ಅಧಿಕೃತ ಬಿಸ್ಕತ್ತೆಂದು ಘೋಷಿಸಿತು. ರೂತ್ 1977ರಲ್ಲಿಯೇ ತೀರಿಕೊಂಡಿದ್ದರು. ಸುಂಕದ ಮನೆ 1984ರ ಕೊನೆಯ ರಾತ್ರಿ ಬೆಂಕಿಗೆ ಆಹುತಿಯಾಗಿತ್ತು.

ಈ ನಡುವೆ ಒಂದು ವಿನೋದ ನಡೆಯಿತು. ಚಾಕೊಲೇಟು ಚೂರುಗಳ ಪೊಟ್ಟಣದ ಬೆನ್ನಿನ ಮೇಲೆ ರೂತ್ ಅವರ ವಿಧಾನ ಅಚ್ಚಾಗುತ್ತ ಬಂದದ್ದರಿಂದ, ಅದನ್ನು ನೋಡಿ ಮಾಡಿದ ಅಜ್ಜಿಯರು ಮೊಮ್ಮಕ್ಕಳ ಪಾಲಿಗೆ ಅದರ ಕರ್ತೃಗಳಾದರು. ನಮ್ಮ ಯುವಕ ಯುವತಿಯರಿಗೂ ಪರಿಚಿತವಾದ 'ಫ್ರೆಂಡ್ಸ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ, 2000ದಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಇದೇ ಪ್ರಸಂಗವಿದೆ. ಅಜ್ಜಿಯಿಂದ ಬಂದ ಪರಮ ರಹಸ್ಯವೆಂದು ಒಬ್ಬಾಕೆ ನಂಬಿಕೊಂಡಿದ್ದ ವಿಧಾನ, ಕೊನೆಗೆ ನೋಡಿದರೆ ಪೊಟ್ಟಣದ ಬೆನ್ನಿನಲ್ಲಿ ಅಚ್ಚಾದದ್ದೇ ಆಗಿರುತ್ತದೆ! ಜನ ನಕ್ಕರು. ನಗುವಂಥದ್ದೇ. ಆದರೆ ಆ ಅಜ್ಜಿಯ ಹಿಂದೆ ಇನ್ನೊಬ್ಬ ಹೆಂಗಸು ನಿಂತಿದ್ದಳೆಂಬುದು ನಕ್ಕವರಲ್ಲಿ ಎಷ್ಟು ಜನಕ್ಕೆ ಹೊಳೆದಿರಬಹುದು?

ಇನ್ನು ಓಟ್ಸಿನ ಮಾತು. ನಿಘಂಟನ್ನು ತೆರೆದರೆ ಇದಕ್ಕೆ 'ತೋಕೆಗೋಧಿ' ಎಂಬ ಸೊಗಸಾದ ಹೆಸರು ಸಿಕ್ಕುತ್ತದೆ. ಆದರೆ ಆ ಹೆಸರನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ತಂಪು ದೇಶಗಳ ಬೆಳೆಯಾದ ಇದು ಬಹುಕಾಲ ಕುದುರೆಯ ಆಹಾರವೆಂದೇ ಹೆಸರಾಗಿತ್ತು. 1755ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆಗಳು ತಿನ್ನುವ ಈ ಧಾನ್ಯವನ್ನು ಸ್ಕಾಟ್ಲೆಂಡಿನಲ್ಲಿ ಮನುಷ್ಯರು ತಿನ್ನುತ್ತಾರೆಂಬ ಅರ್ಥವನ್ನು ಬರೆದು ಸ್ಕಾಟರನ್ನು ಚುಚ್ಚಿದ. ಆದುದರಿಂದಲೇ ಇಂಗ್ಲೆಂಡಿನಲ್ಲಿ ಒಳ್ಳೆಯ ಕುದುರೆಗಳು, ಸ್ಕಾಟ್ಲೆಂಡಿನಲ್ಲಿ ಒಳ್ಳೆಯ ಮನುಷ್ಯರು ಎಂಬ ಮಾರುತ್ತರವೂ ಹುಟ್ಟಿಕೊಂಡಿತು.

ಅಮೆರಿಕದಲ್ಲಿ ಇದನ್ನು ಮನುಷ್ಯರ ತಟ್ಟೆಗೆ ತಂದವರಲ್ಲಿ ಫರ್ಡಿನಾಂಡ್ ಶೂಮಾಕರ್ ಎಂಬ ಜರ್ಮನ್ ವಲಸಿಗ ಮುಖ್ಯನಾದವನು. ಓಹಾಯೊ ಸಂಸ್ಥಾನದ ಆಕ್ರನ್ ಊರಿನಲ್ಲಿ ಅವನು 1850ರ ದಶಕದಲ್ಲಿ ಓಟ್ಸಿನ ಗಿರಣಿ ನಡೆಸತೊಡಗಿದ. 1877ರಲ್ಲಿ ಕ್ವೇಕರ್ ಎಂಬ ವ್ಯಾಪಾರಮುದ್ರೆ ನೋಂದಾಯಿತವಾಯಿತು. ಈಗ ನಮ್ಮ ಅಂಗಡಿಗಳಲ್ಲಿ ಸಿಕ್ಕುವುದು ಹೊಟ್ಟು ತೆಗೆದು, ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಒತ್ತಿದ ಅವಲಕ್ಕಿಯಂಥ ಓಟ್ಸು. ಹಬೆಯ ಉಪಕಾರವೇನೆಂದರೆ, ಧಾನ್ಯದ ಜಿಡ್ಡನ್ನು ಕನರಾಗಿಸುವ ಕಿಣ್ವವನ್ನು ಅದು ಅಡಗಿಸುತ್ತದೆ.

ಹೀಗೆ ಕುದುರೆಯ ಲಾಯದಿಂದ ಒಂದು, ಸುಂಕದ ಮನೆಯಿಂದ ಇನ್ನೊಂದು ಬಂದು ಒಂದೇ ತಟ್ಟೆಯಲ್ಲಿ ಕೂಡಿಕೊಂಡವು. ಈಗ ವಿಧಾನವನ್ನು ಹೇಳುತ್ತೇನೆ. ಬರಿಯ ಪಟ್ಟಿಯನ್ನು ಕೊಟ್ಟರೆ ಸಾಲದು. ಯಾವುದು ಏಕೆ ಎಂಬುದನ್ನೂ ಹೇಳಬೇಕು.

ಇಪ್ಪತ್ತೆರಡು ಬಿಸ್ಕತ್ತುಗಳಿಗೆ ಬೇಕಾದದ್ದು: ಮೆದುವಾದ ಬೆಣ್ಣೆ 100 ಗ್ರಾಂ, ಕಂದು ಸಕ್ಕರೆ ಅಥವಾ ಒಣಗಿದ ಬೆಲ್ಲದ ಪುಡಿ 80 ಗ್ರಾಂ, ಬಿಳಿ ಸಕ್ಕರೆ 50 ಗ್ರಾಂ, ಮೊಟ್ಟೆ ಒಂದು, ಮೈದಾಹಿಟ್ಟು 100 ಗ್ರಾಂ, ಓಟ್ಸು 130 ಗ್ರಾಂ, ಚಾಕೊಲೇಟು 120 ಗ್ರಾಂ, ಅಡುಗೆ ಸೋಡ ಅರ್ಧ ಚಹಾ ಚಮಚ, ಉಪ್ಪು ಕಾಲು ಚಮಚ, ವೆನಿಲ್ಲಾ ಸಾರ ಅರ್ಧ ಚಮಚ.

ಮೊದಲು ಬೆಣ್ಣೆಯನ್ನೂ ಎರಡು ಬಗೆಯ ಸಕ್ಕರೆಗಳನ್ನೂ ಸೇರಿಸಿ, ಬಣ್ಣ ತಿಳಿಯಾಗಿ ಹಗುರವಾಗುವ ತನಕ ಚೆನ್ನಾಗಿ ನಾದಬೇಕು. ಇದು ಬರಿಯ ಬೆರಕೆಯಲ್ಲ. ಸಕ್ಕರೆಯ ಹರಳುಗಳು ಬೆಣ್ಣೆಯನ್ನು ಕೊರೆದು ಅದರಲ್ಲಿ ಗಾಳಿಯ ಪುಟ್ಟ ಗುಳ್ಳೆಗಳನ್ನು ತುಂಬುತ್ತವೆ. ಮುಂದೆ ಶಾಖ ತಾಗಿದಾಗ ಹಿಗ್ಗುವುದು ಈ ಗುಳ್ಳೆಗಳೇ. ಬಿಳಿ ಸಕ್ಕರೆ ಬಿಸ್ಕತ್ತನ್ನು ಹರಡಿಸಿ ಗರಿಗರಿಯಾಗಿಸುತ್ತದೆ. ಬೆಲ್ಲವಾಗಲಿ ಕಂದು ಸಕ್ಕರೆಯಾಗಲಿ ತೇವವನ್ನು ಹಿಡಿದಿಟ್ಟು ನಡುವನ್ನು ಮೆದುವಾಗಿಸುತ್ತದೆ. ಅಷ್ಟೇ ಅಲ್ಲದೆ ಅದರ ತುಸು ಹುಳಿಯ ಗುಣ ಸೋಡದೊಡನೆ ಕೂಡಿ ಅನಿಲವನ್ನು ಹೊರಡಿಸುತ್ತದೆ. ಬೆಲ್ಲ ಒಣಗಿರಬೇಕು, ಜೋನಿಬೆಲ್ಲವನ್ನು ಹಾಕಿದರೆ ಬಿಸ್ಕತ್ತುಗಳು ತಟ್ಟೆಯ ತುಂಬ ಹರಿದು ಒಂದೇ ಸಂಸಾರವಾದಾವು.

ಆಮೇಲೆ ಮೊಟ್ಟೆಯನ್ನೂ ವೆನಿಲ್ಲಾವನ್ನೂ ಸೇರಿಸಿ ಕಲಕಬೇಕು. ಮೊಟ್ಟೆ ಒಲ್ಲದ ಮನೆಗಳಲ್ಲಿ ಒಂದು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟರೆ ಲೋಳೆಯಾಗಿ ಅದೇ ಕೆಲಸವನ್ನು ಮಾಡುತ್ತದೆ. ಅಗಸೆಯ ಚಟ್ನಿಪುಡಿಯನ್ನು ಬಲ್ಲ ಉತ್ತರ ಕರ್ನಾಟಕದ ಮನೆಗಳಿಗೆ ಇದು ಅಪರಿಚಿತ ವಸ್ತುವಲ್ಲ. ಹಿಟ್ಟು, ಸೋಡ, ಉಪ್ಪುಗಳನ್ನು ಜರಡಿ ಹಿಡಿದು ಹಾಕಿ, ಬಿಳಿಯ ಗೆರೆ ಕಾಣದಾಗುವ ತನಕ ಮಾತ್ರ ಬೆರೆಸಬೇಕು. ಚಪಾತಿಯ ಹಿಟ್ಟಿನಂತೆ ಮಿದ್ದರೆ ಜಿಗುಟು ಬಲಿತು ಬಿಸ್ಕತ್ತು ಗಡುಸಾಗುತ್ತದೆ. ಕೊನೆಗೆ ಓಟ್ಸು, ಚಾಕೊಲೇಟಿನ ಚೂರುಗಳು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಲೇಸು. ಓಟ್ಸು ಆ ಹೊತ್ತಿನಲ್ಲಿ ತೇವವನ್ನು ಹೀರಿಕೊಳ್ಳುತ್ತದೆ. ಬೆಣ್ಣೆ ಗಟ್ಟಿಯಾಗುವುದರಿಂದ ಬಿಸ್ಕತ್ತು ಬೇಗ ಹರಡುವುದಿಲ್ಲ.

ಚಾಕೊಲೇಟನ್ನು ಕೊಳ್ಳುವಾಗ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ಕೋಕೊ ಬೆಣ್ಣೆ ಇರುವುದೇ ನಿಜವಾದ ಚಾಕೊಲೇಟು. ಅದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಮ್ಮ ಮೈಶಾಖಕ್ಕಿಂತ ತುಸು ಕೆಳಗೇ ಕರಗುತ್ತದೆ. ಬಾಯಿಗಿಟ್ಟೊಡನೆ ಕರಗುವ ಆ ಸುಖದ ಗುಟ್ಟು ಇದೇ. ಬೇರೆ ಸಸ್ಯಜಿಡ್ಡಿನಿಂದ ಮಾಡಿದ ಅಗ್ಗದ ಚೂರುಗಳು ನಾಲಗೆಯ ಮೇಲೆ ಮೇಣದಂತೆ ಕುಳಿತುಕೊಳ್ಳುತ್ತವೆ.

ಓವನ್ನನ್ನು 180 ಡಿಗ್ರಿಗೆ ಮೊದಲೇ ಕಾಯಿಸಿ, ನಿಂಬೆಯ ಗಾತ್ರದ ಉಂಡೆಗಳನ್ನು ಎರಡೆರಡು ಅಂಗುಲ ಬಿಟ್ಟು ಜೋಡಿಸಿ, 10ರಿಂದ 12 ನಿಮಿಷ ಬೇಯಿಸಬೇಕು. ಈ ಹೊತ್ತಿನಲ್ಲಿ ಮನೆಯನ್ನೆಲ್ಲ ತುಂಬುವ ಪರಿಮಳಕ್ಕೆ ಕಾರಣವನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಎಂಬ ವಿಜ್ಞಾನಿ. ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಶಾಖದಲ್ಲಿ ಕೂಡಿ ಕಂದುಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುತ್ತವೆ. ದೋಸೆಯ ಕೆಂಪಿಗೂ ಹುರಿದ ಕಾಫಿಯ ಕಂಪಿಗೂ ಇದೇ ಕ್ರಿಯೆ ಮೂಲ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡು ಇನ್ನೂ ಬೇಯದಂತೆ ಮೆದುವಾಗಿ ತೋರುವಾಗಲೇ ಹೊರಕ್ಕೆ ತೆಗೆಯತಕ್ಕದ್ದು. ಕಾದ ತಟ್ಟೆಯ ಮೇಲೆ ಅದು ಇನ್ನೂ ಬೇಯುತ್ತಿರುತ್ತದೆ. ಹತ್ತು ನಿಮಿಷ ಮುಟ್ಟಬಾರದು. ಈ ಹತ್ತು ನಿಮಿಷ ಕಾಯುವುದೇ ಇಡೀ ವಿಧಾನದಲ್ಲಿ ಕಠಿಣವಾದ ಭಾಗ.

ಹೋದ ತಿಂಗಳು ನಾವು ಬಲ್ಲ ಒಂದು ಮನೆಯಲ್ಲಿ ಈ ಬಿಸ್ಕತ್ತಿನ ಸಮಾರಾಧನೆ ನಡೆಯಿತು. ಮನೆಯ ಹಿರಿಯರು ಎರಡನ್ನು ಮುಗಿಸಿ ಮೂರನೆಯದಕ್ಕೆ ಕೈಚಾಚುತ್ತ, "ಏನು ಕೈಗುಣವಮ್ಮ ನಿನ್ನದು!" ಎಂದರು. ಸೊಸೆ ನಗುತ್ತ, "ಕೈಗುಣ ಅಲ್ಲ ಮಾವ, ತಕ್ಕಡಿ ಗುಣ. ನಾಲ್ಕು ಸಲ ಕೆಟ್ಟಿತ್ತು. ಎಷ್ಟು ಹಾಕಿದಾಗ ಹೇಗೆ ಬಂತು ಅಂತ ಎಲ್ಲಾ ಬರೆದಿಟ್ಟಿದೀನಿ" ಎಂದು, ಬೆಣ್ಣೆಯ ಕಲೆ ಬಿದ್ದ ನೋಟುಪುಸ್ತಕವನ್ನು ತಂದು ಮುಂದಿಟ್ಟಳು. ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಅವರು ಒಂದು ಕಾಲಕ್ಕೆ ಲೆಕ್ಕಪರಿಶೋಧಕರಾಗಿದ್ದವರು. "ಇದು ನಮ್ಮ ಆಫೀಸಿನ ಕಡತಕ್ಕಿಂತ ಚೊಕ್ಕಟವಾಗಿದೆಯಮ್ಮ" ಎಂದು ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಹಿಂದಿರುಗಿಸಿದರು. ನಾನು ಕೇಳಿದ ಅಡುಗೆಯ ಹೊಗಳಿಕೆಗಳಲ್ಲೆಲ್ಲ ಅದೇ ಉತ್ತಮವಾದದ್ದು.

ಓಟ್ಸು ಇರುವುದರಿಂದ ಇದು ಆರೋಗ್ಯಕ್ಕೆ ಹಿತವೆಂದು ನಾಲ್ಕನೆಯದನ್ನು ತಿನ್ನುವವರೂ ಇದ್ದಾರೆ. ಅವರಿಗಾಗಿ ಒಂದು ಲೆಕ್ಕ. ಓಟ್ಸಿನಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರು ರಕ್ತದ ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆಂಬುದು ನಿಜ. ಪಥ್ಯದ ಆಹಾರದ ಅಂಗವಾಗಿ ದಿನಕ್ಕೆ 3 ಗ್ರಾಂ ಸೇವಿಸಿದರೆ ಹೃದ್ರೋಗದ ಭಯ ಕಡಿಮೆಯಾದೀತೆಂದು ಪೊಟ್ಟಣಗಳ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಮೇಲಿನ ಅಳತೆಯಲ್ಲಿ ಒಂದೊಂದು ಬಿಸ್ಕತ್ತಿಗೆ ಬರುವ ಓಟ್ಸು ಸುಮಾರು 6 ಗ್ರಾಂ. ಆ 3 ಗ್ರಾಂ ನಾರಿಗಾಗಿ ಹೆಚ್ಚುಕಡಿಮೆ ಒಂದು ಡಜನ್ ಬಿಸ್ಕತ್ತುಗಳನ್ನು ತಿನ್ನಬೇಕು. ಅದರೊಡನೆ 55 ಗ್ರಾಂ ಬೆಣ್ಣೆಯೂ 70 ಗ್ರಾಂ ಸಕ್ಕರೆ ಬೆಲ್ಲಗಳೂ ಹೊಟ್ಟೆಗೆ ಹೋಗುತ್ತವೆ. ಹೃದಯದ ಹಿತಕ್ಕೆ ಬೆಳಗಿನ ಗಂಜಿಯೇ ಸರಿ. ಬಿಸ್ಕತ್ತನ್ನು ಬಿಸ್ಕತ್ತೆಂದೇ ತಿನ್ನುವುದು ಪ್ರಾಮಾಣಿಕತೆ, ಒಂದೋ ಎರಡೋ.

ಪಾಕವನ್ನು ವಿದ್ಯೆಯೆಂದು ಮನ್ನಿಸಿದ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ವೈದ್ಯ, ವಾಸ್ತುಗಳ ಜೊತೆಯಲ್ಲಿ ಅಡುಗೆಗೂ ಸ್ಥಾನ ಕೊಟ್ಟ. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಷಟ್ಪದಿಯಲ್ಲಿ ಬರೆದ. ಈ ಇಬ್ಬರ ಹೆಸರನ್ನೂ ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಅವರು ಬಣ್ಣಿಸಿದ ಭಕ್ಷ್ಯಗಳ ಹದವನ್ನು ಕಂಡುಹಿಡಿದವರು ಯಾರು? ಒಲೆಯ ಮುಂದೆ ಕುಳಿತು, ಹಾಳುಮಾಡಿ, ತಿದ್ದಿ, ಮತ್ತೆ ಮಾಡಿದ ಕೈಗಳ ಹೆಸರು ಕಾವ್ಯದಲ್ಲಿ ನಿಲ್ಲಲಿಲ್ಲ. ಬರೆದವರಿಗೆ ಹೆಸರು ಉಳಿಯಿತು. ರೂತ್ ವೇಕ್‌ಫೀಲ್ಡರ ಹೆಸರು ಇಂದಿಗೂ ಉಳಿದಿದೆಯೆಂದರೆ ಅದಕ್ಕೆ ಕಾರಣ ಆ ಒಂದು ಡಾಲರ್ ಅಲ್ಲ; ಅವರೇ ಬರೆದು ಅಚ್ಚುಹಾಕಿಸಿದ ಪುಸ್ತಕ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನದೊಂದು ಬಿನ್ನಹ. ಈ ಬಿಸ್ಕತ್ತನ್ನು ಮಾಡಿ ನೋಡಿ. ನಿಮ್ಮ ಓವನ್ನಿಗೆ ತಕ್ಕಂತೆ ತಿದ್ದಿದ್ದನ್ನು ಬರೆದಿಡಿ. ಆ ಪುಸ್ತಕ ಹೇಗೂ ತೆರೆದಿರುವಾಗ, ಮನೆಯಲ್ಲಿ ತಾಯಿಯೋ ಅತ್ತೆಯೋ ಅಜ್ಜಿಯೋ ಇದ್ದರೆ, ಅವರ ಸಾರಿನಪುಡಿಯನ್ನೂ ಕೋಡುಬಳೆಯನ್ನೂ ಎದುರಿಗೆ ಕುಳಿತು ಅಳತೆಯೊಡನೆ ಬರೆದುಕೊಳ್ಳಿ. "ಸುಮ್ಮನೆ ಕಣ್ಣಳತೆಗೆ ಹಾಕ್ತೀನಪ್ಪ" ಎಂದು ಅವರು ಹೇಳಿಯೇ ಹೇಳುತ್ತಾರೆ. ಆ ಕಣ್ಣು ಐವತ್ತು ವರ್ಷ ಓದಿದ ಕಣ್ಣು. ಅವರ ಹಿಡಿಯನ್ನು ತಕ್ಕಡಿಗೆ ಹಾಕಿ ತೂಗಿ ನೋಡಿ, ಎಷ್ಟು ಸಲ ಹಾಕಿದರೂ ತೂಕ ಹೆಚ್ಚು ಬದಲಾಗದು. ಬರೆದು ಮುಗಿದ ಮೇಲೆ ಪುಟದ ನೆತ್ತಿಯಲ್ಲಿ ತಿಂಡಿಯ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನೂ ಬರೆಯಿರಿ. 'ಅಮ್ಮ' ಎಂದಲ್ಲ, 'ಅಜ್ಜಿ' ಎಂದೂ ಅಲ್ಲ. ಅವರ ತಂದೆತಾಯಿ ಇಟ್ಟ, ಪೂರ್ತಿ ಹೆಸರನ್ನು.